ಅಣ್ಣನ ಏಕವಚನಕ್ಕೆ ಗಡೀಪಾರು

ನಗರಸಭೆಯ ಆನ್‌ಲೈನ್ ನಾಗರಿಕ ವೇದಿಕೆಯ ಸೌಜನ್ಯಪಾಲನಾ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಘನತೆಯನ್ನು ಕಾಪಾಡಿದ್ದೀರೆಂದು ತಾವು ಕಳಿಸಿದ ಸಂದೇಶ ತಲುಪಿತು. "ನಿಮ್ಮನ್ನು ನಿಂದಿಸಿ ಬೆದರಿಕೆ ಹಾಕಿದ ಸದಸ್ಯನನ್ನು ವೇದಿಕೆಯಿಂದ ಶಾಶ್ವತವಾಗಿ ಹೊರಹಾಕಲಾಗಿದೆ. ನೀವೀಗ ಸುರಕ್ಷಿತರು" ಎಂದಿತ್ತು. ಆ ಸದಸ್ಯ ನನ್ನ ಒಡಹುಟ್ಟಿದ ಅಣ್ಣ. ನಾನು ದೂರು ಕೊಟ್ಟಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ. ಅವನು ತಂಗಿಯನ್ನು "ನೀನು" ಎಂದ, ತಾವು ಅವನ ಬಾಯಿ ಹೊಲಿದಿರಿ. ಬಾಯಿ ಹೊಲಿದಿರಿ ಅಂತ ಮಾತಿನ ಚಂದಕ್ಕೆ ಹೇಳುತ್ತಿಲ್ಲ. ಹೋದ ವರ್ಷ ಗಂಟಲಿನ ಗಡ್ಡೆಯ ಜೊತೆಗೆ ಡಾಕ್ಟರು ಅವನ ಧ್ವನಿಪೆಟ್ಟಿಗೆಯನ್ನೂ ತೆಗೆದುಬಿಟ್ಟರು. ಆಮೇಲೆ ಊರಿನ ಜೊತೆ ಮಾತಾಡಲು ಅವನಿಗೆ ಉಳಿದದ್ದು ಒಂದು ಫೋನು, ಆ ಫೋನಿನೊಳಗೆ ನಿಮ್ಮ ವೇದಿಕೆ. ಡಾಕ್ಟರಾದರೂ ಜೀವ ಉಳಿಸಲು ತೆಗೆದರು. ತಾವು ಏನು ಉಳಿಸಲು ತೆಗೆದಿರಿ?

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಮಾತು ಕೇಳಿದ್ದೆ. ನೆಗಡಿ ಯಾರಿಗೋ ಬಂದರೆ ಸಿಕ್ಕಿದವರ ಮೂಗು ಕೊಯ್ಯುವ ಅಧಿಕಾರಿಯನ್ನು ನೋಡಿದ್ದು ಇದೇ ಮೊದಲು.

ಮೊದಲು ನನ್ನಣ್ಣ ಯಾರೆಂದು ಹೇಳಿಬಿಡುತ್ತೇನೆ, ಏಕೆಂದರೆ ತಮ್ಮ ದಾಖಲೆಯಲ್ಲಿ ಅವನೊಂದು ಸಂಖ್ಯೆ. ಅವನು ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಟೊಮೆಟೊ ಕ್ರೇಟುಗಳ ಮೇಲೆ ಹತ್ತಿ ನಿಂತು ಅವನು ಕೂಗಿದರೆ ಬಸ್‌ಸ್ಟಾಂಡಿನಲ್ಲಿದ್ದವರಿಗೆ ಈರುಳ್ಳಿ ರೇಟು ಗೊತ್ತಾಗುತ್ತಿತ್ತು. ಕೂಗುವ ನಡುವೆಯೇ ಜೋಕು, ಜೋಕಿನ ನಡುವೆಯೇ ಬೈಗುಳ, ಬೈಗುಳದ ನಡುವೆಯೇ "ಅಮ್ಮನ ಮಂಡಿನೋವು ಹೆಂಗಿದ್ಯೋ?" ಎಂಬ ವಿಚಾರಣೆ. ಅವನಿಂದ ಬೈಸಿಕೊಳ್ಳದ ವ್ಯಾಪಾರಿ "ಯಾಕೋ ನಿಮ್ಮಣ್ಣ ನನ್ನ ಮೇಲೆ ಕೋಪ ಮಾಡ್ಕೊಂಡಿದಾರೆ" ಎಂದು ನನ್ನ ಹತ್ತಿರ ಬಂದು ಅಳಲು ತೋಡಿಕೊಂಡದ್ದುಂಟು. ಇನ್ನು ನಾನು ಡ್ರೈವಿಂಗ್ ಸ್ಕೂಲಿನವಳು. ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲಡಿಯಲ್ಲಿ ಇನ್ನೊಂದು ಬ್ರೇಕು ಇಟ್ಟುಕೊಂಡು, ದಿನವಿಡೀ ಪ್ರಾಣ ಕೈಯಲ್ಲಿ ಹಿಡಿದು ಕೂರುವ ಕೆಲಸ. ಹಾಗಾಗಿ ನನ್ನ ಬಾಯಿಯೂ ಅಷ್ಟೇನೂ ಸಾಧು ಅಲ್ಲ. ಅಣ್ಣ ಒಂದು ಪಕ್ಷ, ನಾನು ಇನ್ನೊಂದು. ಯಾವುದು ಯಾರದ್ದು ಎಂದು ಹೇಳುವುದಿಲ್ಲ. ಹೇಳಿದ ಕೂಡಲೇ ಓದುವವರು ಓದುವುದನ್ನು ಬಿಟ್ಟು ನನ್ನನ್ನು ಅಳೆಯಲು ಶುರು ಮಾಡುತ್ತಾರೆ. ಮತ ಹಾಕುವ ವಯಸ್ಸು ಬಂದಾಗಿನಿಂದ ನಾವಿಬ್ಬರೂ ಜಗಳವಾಡುತ್ತಿದ್ದೇವೆ, ಒಂದೇ ಆಟೋದಲ್ಲಿ ಮತಗಟ್ಟೆಗೆ ಹೋಗುತ್ತಿದ್ದೇವೆ.

ತಮ್ಮ ವೇದಿಕೆಯಲ್ಲಿ ಹೊಲಸು ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಇತ್ತು. ಚುನಾವಣೆ ಬಂದಾಗ ಅಲ್ಲಿ ಹೆಂಗಸರಿಗೆ ಸಿಕ್ಕ ಮಾತುಗಳನ್ನು ಈ ಪತ್ರದಲ್ಲಿ ಬರೆಯಲು ಕೈ ಬರುವುದಿಲ್ಲ. ಕಡಿವಾಣ ಬೇಕಾಗಿತ್ತು, ನಾನೂ ಕೈಯೆತ್ತಿದ್ದೆ. ತಾವು ತಂದದ್ದು ಏನು? "ಏಕವಚನ ನಿಷೇಧ." ಇನ್ನು ಮುಂದೆ ಎಲ್ಲರೂ ಎಲ್ಲರನ್ನೂ "ನೀವು", "ತಾವು" ಎನ್ನಬೇಕು, "ನೀನು", "ಹೋಗೋ", "ಬಾರೇ", "ಲೇ" ಕಂಡಲ್ಲಿ ಯಂತ್ರ ಅಳಿಸುತ್ತದೆ, ಪದೇ ಪದೇ ಕಂಡರೆ ಸದಸ್ಯನನ್ನೇ ಅಳಿಸುತ್ತದೆ. ಎಂಥ ಬುದ್ಧಿ! ದ್ವೇಷವನ್ನು ಹುಡುಕುವುದು ಕಷ್ಟ, ವ್ಯಾಕರಣ ಹುಡುಕುವುದು ಸುಲಭ. ಏಕವಚನವೆಲ್ಲ ಮುದ್ದಿನದೇ ಎಂದು ನಾನು ಹೇಳುತ್ತಿಲ್ಲ. ಕಾರಿನಿಂದ ಇಳಿದವನು ಮೂಟೆ ಹೊರುವವರನ್ನು "ಏಯ್, ಬಾರೋ ಇಲ್ಲಿ" ಎಂದಾಗ ನನಗೂ ಮೈಯೆಲ್ಲ ಉರಿಯುತ್ತದೆ. ಆದರೆ ಯಾರು, ಯಾರಿಗೆ, ಯಾಕೆ ಅಂದರು ಎಂದು ಕೇಳದೆ ಅದು ಗೊತ್ತಾಗುವುದು ಹೇಗೆ? ಬಹುವಚನದ ಕಥೆಯೂ ಅಷ್ಟೇ. ನಮ್ಮಮ್ಮ ನಮ್ಮನ್ನು "ಓಹೋ, ಬಂದ್ರಾ? ತಮ್ಮ ಸವಾರಿ ಎಲ್ಲಿಗೆ ಹೋಗಿತ್ತು?" ಎಂದು ಗೌರವದಿಂದ ಕೇಳಿದಳೆಂದರೆ ನಾವಿಬ್ಬರೂ ಬೆನ್ನಿಗೆ ಕೈ ಇಟ್ಟುಕೊಳ್ಳುತ್ತಿದ್ದೆವು. ಇಷ್ಟು ಸಣ್ಣ ವಿಷಯ ಹಾಲು ಕುಡಿಯುವ ಮಗುವಿಗೂ ತಿಳಿಯುತ್ತದೆ. ತಮಗೆ ತಿಳಿಯಲು ಇನ್ನೊಂದು ಸಮಿತಿ ಬೇಕೇನೋ.

ಈಗ ಆ ಘೋರ ಅಪರಾಧಕ್ಕೆ ಬರೋಣ. ಸಗಟು ಮಾರುಕಟ್ಟೆಯನ್ನು ಊರಾಚೆಗೆ ಸಾಗಿಸಬೇಕೇ ಎಂದು ತಮ್ಮ ವೇದಿಕೆಯಲ್ಲಿ ಚರ್ಚೆ ನಡೆಯುತ್ತಿತ್ತು. ಸಾಗಿಸಲಿ, ರಸ್ತೆ ಖಾಲಿಯಾಗಲಿ ಎಂದು ನಾನು ಬರೆದೆ. ಅಣ್ಣ ಬರೆದ: "ಲೇ ಗೂಬೆ, ನಿನ್ನ ಕಾರು ತಿರುಗಿಸೋಕೆ ಜಾಗ ಸಾಲ್ದು ಅಂತ ಮಾರ್ಕೆಟ್ಟನ್ನೇ ಎತ್ತಿ ಎಸೀಬೇಕಾ? ನಿಮ್ಮನೆ ಬಾಗಿಲಿಗೆ ಸೊಪ್ಪು ತರೋಳು ಬೆಳಗಾಗೋದ್ರೊಳಗೆ ಎರಡು ಬಸ್ ಹತ್ತಿ ಊರಾಚೆ ಹೋಗಿ, ಹೊತ್ಕೊಂಡು ವಾಪಸ್ ಬಂದು, ನಿನಗೆ ಯಾವ ರೇಟಿಗೆ ಕೊಡ್ತಾಳೆ? ಅವಳಿಗೇನು ಉಳಿಯುತ್ತೆ? ಯೋಚ್ನೆ ಮಾಡಿದೀಯಾ? ನಿನ್ನ ತಲೇಲಿರೋದು ಬರೀ ಗೇರ್‌ಬಾಕ್ಸು. ಭಾನುವಾರ ಮನೆಗೆ ಬಾ, ಇದೆ ನಿನಗೆ."

ತಮ್ಮ ಯಂತ್ರ ಇದರಲ್ಲಿ ಕಂಡದ್ದು ಪ್ರಾಣಿವಾಚಕ ನಿಂದನೆ, ಅಗೌರವದ ಏಕವಚನ ಮತ್ತು ದೈಹಿಕ ಬೆದರಿಕೆ. "ಇದೆ ನಿನಗೆ" ಎನ್ನುವುದು ಪ್ರಾಣಾಪಾಯದ ಸೂಚನೆಯಂತೆ. ಭಾನುವಾರ ನನಗೆ ಅಲ್ಲಿ ಇದ್ದದ್ದು ಅತ್ತಿಗೆಯ ಕೈಯೂಟ, ಮೇಲೆ ಅಣ್ಣನ ಜೊತೆ ಇಸ್ಪೀಟು. ಆದರೆ ಯಂತ್ರ ಕಾಣದೆ ಹೋದದ್ದೂ ಒಂದಿದೆ. ಆ ಇಡೀ ಚರ್ಚೆಯಲ್ಲಿ ಸೊಪ್ಪಿನವಳನ್ನು ನೆನೆದವನು ನನ್ನಣ್ಣ ಒಬ್ಬನೇ. ಮಿಕ್ಕವರೆಲ್ಲ ಅಭಿವೃದ್ಧಿ, ದೂರದೃಷ್ಟಿ ಎಂದು ಬಹುವಚನದಲ್ಲಿ ಬೆಣ್ಣೆ ಸವರುತ್ತಿದ್ದರು. ಅವನ ಪ್ರಶ್ನೆಗೆ ಸೋಲಬಾರದೆಂದು ಉತ್ತರ ಹುಡುಕುತ್ತಾ ಕೂತಿದ್ದೆ. ಅಷ್ಟರಲ್ಲಿ ಪ್ರಶ್ನೆಯೂ ಇಲ್ಲ, ಕೇಳಿದವನೂ ಇಲ್ಲ. ಅದರ ಜಾಗದಲ್ಲಿ ತಮ್ಮ ಬೂದು ಪಟ್ಟಿ: "ಈ ಅಭಿಪ್ರಾಯ ಸೌಜನ್ಯಕ್ಕೆ ವಿರುದ್ಧವಾಗಿತ್ತು."

ಸೌಜನ್ಯಕ್ಕೆ ವಿರುದ್ಧವಲ್ಲದ್ದು ಯಾವುದೆಂದು ಈಗ ತೋರಿಸುತ್ತೇನೆ. ತಮ್ಮ ವೇದಿಕೆಯಲ್ಲಿ "ವಿನಮ್ರ ನಾಗರಿಕ" ಎಂಬ ಹೆಸರಿನಲ್ಲಿ ಬರೆಯುವ ಮಹಾನುಭಾವರೊಬ್ಬರಿದ್ದಾರೆ. ನನ್ನಣ್ಣ ಆಸ್ಪತ್ರೆಯಿಂದ ಬಂದು ಮೊದಲ ಸಲ ಬರೆದಾಗ ಅವರು ಕೊಟ್ಟ ಸ್ವಾಗತ ಇದು: "ಮಾನ್ಯ ಹಿರಿಯರೇ, ತಾವು ಬಹುಕಾಲ ಮಾರುಕಟ್ಟೆಯಲ್ಲಿ ಕೂಗಿ ಜನರ ನೆಮ್ಮದಿ ಕೆಡಿಸಿದಿರಿ. ತಮ್ಮ ಗಂಟಲು ಹೋದದ್ದು ನ್ಯಾಯವೇ ಎಂದು ವಿನಮ್ರವಾಗಿ ಅಭಿಪ್ರಾಯಪಡುತ್ತೇನೆ. ತಮ್ಮ ಬೆರಳುಗಳೂ ಶೀಘ್ರವೇ ಹೋಗಲೆಂದು ಹಾರೈಸುತ್ತೇನೆ. ತಮ್ಮ ವಿಧೇಯ." ಓದಿದ ಕೂಡಲೇ ದೂರು ಕೊಟ್ಟೆ. ತಮ್ಮ ಉತ್ತರ ಬಂತು: "ಪರಿಶೀಲಿಸಲಾಗಿದೆ. ಗೌರವಸೂಚಕ ಪದಗಳನ್ನೇ ಬಳಸಲಾಗಿದೆ. ನಿಯಮದ ಉಲ್ಲಂಘನೆ ಕಂಡುಬಂದಿಲ್ಲ." ಅಷ್ಟೇ ಅಲ್ಲ, ಆ ತಿಂಗಳ ಕೊನೆಗೆ ಅವರ ಹೆಸರಿನ ಮುಂದೆ "ಸೌಜನ್ಯವಂತ ಸದಸ್ಯ" ಎಂಬ ಬಿಲ್ಲೆಯೂ ಅಂಟಿಕೊಂಡಿತು. ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ ಅನ್ನುತ್ತಾರಲ್ಲ, ತಾವು ಶರಣಾರ್ಥಿ ನೋಡಿ ಬಿಲ್ಲೆ ಕೊಟ್ಟಿರಿ. ನನ್ನಣ್ಣ ಅದನ್ನು ಓದಿ ಭುಜ ಕುಣಿಸಿ ಸದ್ದಿಲ್ಲದೆ ನಕ್ಕ. "ಬೆರಳು ಹೋದ್ರೆ ಮೂಗಲ್ಲಿ ಬರೀತೀನಿ ಕಣಯ್ಯಾ, ನೀನು ಓದೋಕೆ ತಯಾರಿರು" ಎಂದು ಉತ್ತರ ಕೊಟ್ಟ. ಅವನಿಗೆ ತಾವು ಕೊಟ್ಟ ಮೊದಲ ಎಚ್ಚರಿಕೆ ಆ "ನೀನು"ವಿಗೇ.

ಇಷ್ಟು ಹೊತ್ತಿಗೆ ತಾವು ಗಮನಿಸಿರಬಹುದು, ಈ ಪತ್ರದಲ್ಲಿ ತಮ್ಮನ್ನು ನಾನು ಒಮ್ಮೆಯೂ ಏಕವಚನದಲ್ಲಿ ಕರೆದಿಲ್ಲ. ಯಂತ್ರಕ್ಕೆ ತೋರಿಸಿ, ಅದು ಇದನ್ನು ಸನ್ಮಾನಪತ್ರವೆಂದು ಓದಿ ಹೇಳುತ್ತದೆ.

ಮನುಷ್ಯರ ಹತ್ತಿರ ಮನುಷ್ಯರು ಮಾತಾಡಿದರೆ ಸರಿಹೋದೀತೆಂದು ತಮ್ಮ ಕಚೇರಿಗೂ ಬಂದೆ. ಗೋಡೆಯ ಮೇಲೆ "ಮಾತೇ ಮನುಷ್ಯತ್ವ" ಎಂಬ ಬೋರ್ಡು, ಕೆಳಗೆ ಕೆಟ್ಟುಹೋದ ಪ್ರಿಂಟರು. ತಾವು ತಲೆಯೆತ್ತದೆ ಹೇಳಿದಿರಿ: "ನೋಡಿ ಮೇಡಂ, ಯಂತ್ರಕ್ಕೆ ಅಣ್ಣ ತಂಗಿ ಎಲ್ಲ ಗೊತ್ತಾಗಲ್ಲ."

"ನಿಮಗೆ ಗೊತ್ತಾಗುತ್ತಲ್ಲ ಸಾರ್?"

"ನಾವು ಯಂತ್ರನ ಮೀರೋ ಹಾಗಿಲ್ಲ. ನಾಳೆ ಎಲ್ರೂ ನಮ್ಮಣ್ಣ, ನಮ್ಮಕ್ಕ ಅಂತ ಬರ್ತಾರೆ."

"ಬರಲಿ ಬಿಡಿ. ಊರು ಅಂದ್ರೆ ಇನ್ಯಾರು ಬರ್ತಾರೆ?"

ತಾವು ಬಾಗಿಲಲ್ಲಿ ನಿಂತಿದ್ದ, ತಮಗಿಂತ ತುಂಬ ಹಿರಿಯರಾದ ನರೆಗೂದಲ ಜವಾನರ ಕಡೆ ತಿರುಗಿ, "ಏಯ್, ಹೋಗಿ ನೀರು ತಗೊಂಬಾರೋ" ಎಂದಿರಿ. ಅವರು ತಂದಿಟ್ಟರು. ತಾವು ಕುಡಿದಿರಿ. ಆಮೇಲೆ ನನಗೆ ಪರಿಹಾರ ಸೂಚಿಸಿದಿರಿ: ಅಪರಾಧಿಯು ಗೌರವಯುತ ಭಾಷೆಯಲ್ಲಿ ಕ್ಷಮಾಪಣೆ ಬರೆಯಬೇಕು, ನೊಂದ ಮಹಿಳೆ, ಅಂದರೆ ನಾನು, "ಕ್ಷಮಿಸಿದ್ದೇನೆ" ಎಂಬ ಗುಂಡಿ ಒತ್ತಬೇಕು, ಆಗ ಅವನು ವಾಪಸ್ ಬರಬಹುದು, ಮತ್ತೊಮ್ಮೆ ಏಕವಚನ ಕಂಡರೆ ಗುಂಡಿಯೂ ಇಲ್ಲ, ಏನೂ ಇಲ್ಲ.

ನಾನು ಇದನ್ನು ಅಣ್ಣನಿಗೆ ಹೇಳಲೇ ಇಲ್ಲ. ಕೇಳಿದರೆ ಫೋನು ಎತ್ತಿ ಗೋಡೆಗೆ ಬಡಿಯುತ್ತಾನೆ ಎಂದುಕೊಂಡೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಅತ್ತಿಗೆಗೆ ಹೇಳಿದೆ, ಅತ್ತಿಗೆ ಅವನಿಗೆ ಹೇಳಿದರು. ಎರಡು ದಿನ ಕಳೆದು ತಮ್ಮ ವೇದಿಕೆಯಿಂದ ನನಗೊಂದು ಸಂದೇಶ ಬಂತು. "ಮಾನ್ಯ ಸಹೋದರಿಯವರೇ, ತಮ್ಮನ್ನು ಏಕವಚನದಲ್ಲಿ ಸಂಬೋಧಿಸಿ ತಮ್ಮ ಘನತೆಗೆ ಕುಂದು ತಂದುದಕ್ಕಾಗಿ ವಿಷಾದಿಸುತ್ತೇನೆ. ಇನ್ನು ಮುಂದೆ ತಮ್ಮೊಡನೆ ಗೌರವದಿಂದ ನಡೆದುಕೊಳ್ಳುತ್ತೇನೆ." ಕೆಳಗೆ ಹಸಿರು ಬಣ್ಣದ ಗುಂಡಿ. ನಾನು ಬಿದ್ದು ಬಿದ್ದು ನಕ್ಕೆ. ಆಹಾ, ಮುದುಕ ತಮಾಷೆ ಮಾಡುತ್ತಿದ್ದಾನೆ, ತಮಗೆ ಸರಿಯಾಗಿ ಬತ್ತಿ ಇಟ್ಟಿದ್ದಾನೆ ಎಂದುಕೊಂಡೆ. ಭಾನುವಾರ ಅದೇ ನಗುವಿನಲ್ಲಿ ಅವನ ಮನೆಗೆ ಹೋದೆ.

ಬಾಗಿಲು ತೆಗೆದ. ಫೋನಿನಲ್ಲಿ ಬರೆದು ತೋರಿಸಿದ: "ಬನ್ನಿ. ಕುಳಿತುಕೊಳ್ಳಿ."

"ಸಾಕು ನಿಲ್ಸೋ ನಿನ್ನ ನಾಟಕ" ಎಂದೆ. ಅವನು ನಗಲಿಲ್ಲ. "ಗುಂಡಿ ಒತ್ಲೇನೋ?" ಎಂದು ಕೇಳಿದೆ. ಬರೆದ: "ತಮ್ಮ ಇಷ್ಟ."

ಧ್ವನಿ ಇದ್ದಿದ್ದರೆ ಕೋಪವೋ ತಮಾಷೆಯೋ ನನಗೆ ಅರೆಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಧ್ವನಿ ಹೋದ ಮೇಲೂ ಗೊತ್ತಾಗುತ್ತಿತ್ತು, ಏಕೆಂದರೆ ಅವನ "ಲೇ"ಯಲ್ಲಿ, "ಕಣೇ"ಯಲ್ಲಿ ಅವನ ಧ್ವನಿ ಹಾಗೇ ಉಳಿದಿತ್ತು. ಓದಿದರೆ ಕಿವಿಗೆ ಕೇಳಿಸುತ್ತಿತ್ತು. ಈ "ತಮ್ಮ ಇಷ್ಟ"ದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಯಾರೋ ಬ್ಯಾಂಕಿನವರು ಬರೆದ ಹಾಗಿತ್ತು.

ಅಡುಗೆಮನೆಯಲ್ಲಿ ಅತ್ತಿಗೆ ಪಿಸುಗುಟ್ಟಿದರು: "ನನಗೂ ಹಂಗೇ ಬರೀತಾರೆ ಕಣೇ. 'ನೀರು ಕೊಡುವಿರಾ' ಅಂತೆ! ಏನ್ರೀ ಇದು ಅಂದ್ರೆ, ಅಭ್ಯಾಸ ಮಾಡ್ಕೋತಿದೀನಿ ಅಂತ ಬರೀತಾರೆ. ಎಲ್ಲಾದ್ರೂ ಕೈತಪ್ಪಿ 'ನೀನು' ಅಂತ ಬಂದುಬಿಟ್ರೆ ಮತ್ತೆ ಹೊರಗೆ ಹಾಕ್ತಾರೇನೋ ಅಂತ. ಅವರಿಗೆ ಭಯ ಕಣೇ."

ಭಯ. ನನ್ನಣ್ಣನಿಗೆ! ಲಾರಿ ಮಾಲೀಕರನ್ನು, ಮಧ್ಯವರ್ತಿಗಳನ್ನು, ಎರಡೂ ಪಕ್ಷದ ಪುಡಾರಿಗಳನ್ನು ನಡುಬೀದಿಯಲ್ಲಿ ನಿಲ್ಲಿಸಿ ನೀರಿಳಿಸಿದವನಿಗೆ, ಡಾಕ್ಟರು ಗಡ್ಡೆಯ ಹೆಸರು ಹೇಳಿದಾಗಲೂ "ಎಷ್ಟು ಕೆ.ಜಿ. ಇದೆ?" ಎಂದು ಕೇಳಿದವನಿಗೆ ಭಯ. ತಮ್ಮ ಒಂದು ಬೂದು ಪಟ್ಟಿಗೆ ಹೆದರಿ ಅವನು ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿಯ ಹತ್ತಿರ ಬಹುವಚನ ಅಭ್ಯಾಸ ಮಾಡುತ್ತಿದ್ದಾನೆ. ಕ್ಯಾನ್ಸರಿಗೆ ಆಗದ್ದನ್ನು ತಾವು ಮಾಡಿ ತೋರಿಸಿದಿರಿ. ಶಹಬ್ಬಾಸ್! ಆ ಬಿಲ್ಲೆ ನಿಜವಾಗಿ ತಮಗೇ ಸಲ್ಲಬೇಕು. ನಾನು ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದಾಗ ಅವನು ಇಸ್ಪೀಟು ಹಂಚಿಟ್ಟು, "ತಮ್ಮ ಸರದಿ" ಎಂದು ಬರೆದಿದ್ದ.

ರಾಜಕೀಯದ ಜಗಳ ಮರ್ಯಾದೆಯಿಂದ ನಡೆಯಬೇಕು, ಒಪ್ಪಿದೆ. ಆದರೆ ಮರ್ಯಾದೆ ಅಂದರೆ ಎದುರಿಗಿದ್ದವನು ನಾಳೆಯೂ ಬದುಕಿರಲಿ, ನಾಳೆಯೂ ಬಂದು ಜಗಳವಾಡಲಿ ಎಂದು ಬಯಸುವುದು. ನನ್ನಣ್ಣ "ಇದೆ ನಿನಗೆ" ಎಂದು ಬಯಸಿದ್ದು ಅದನ್ನೇ. ವಿನಮ್ರರು ಬಯಸಿದ್ದು ಅವನ ಬೆರಳು ಹೋಗಲೆಂದು. ಈ ವ್ಯತ್ಯಾಸ ತಿಳಿಯದವರು ಸೌಜನ್ಯ ಪಾಲಿಸಲು ಕೂತರೆ ಊರಿನಲ್ಲಿ ಉಳಿಯುವುದು ವಿನಮ್ರರು ಮಾತ್ರ.

ಆದ್ದರಿಂದ ಗುಂಡಿ ಒತ್ತುವುದಿಲ್ಲ. ಕ್ಷಮಿಸಲು ನನ್ನ ಹತ್ತಿರ ಏನೂ ಇಲ್ಲ. ಅವನ ಮಾತನ್ನು ಒಂದು "ಲೇ" ಕೂಡ ಅಳಿಯದಂತೆ ಇದ್ದಲ್ಲೇ ತಂದಿಡಿ, ಅವನನ್ನು ಷರತ್ತಿಲ್ಲದೆ ಒಳಗೆ ಕರೆಯಿರಿ, ಆ ಕ್ಷಮಾಪಣೆಯನ್ನು ಅಳಿಸಿ. ವಿನಮ್ರರು ಬರೆದದ್ದನ್ನು ಯಂತ್ರವಲ್ಲ, ತಾವೇ, ಗಟ್ಟಿಯಾಗಿ, ತಮ್ಮ ಜವಾನರ ಎದುರಿಗೆ ಓದಿ, ಆಮೇಲೆ ತೀರ್ಮಾನ ಮಾಡಿ. ಇಷ್ಟಾದ ಮೇಲೆ ಖುದ್ದಾಗಿ ನನ್ನಣ್ಣನ ಮನೆಗೆ ಬನ್ನಿ. ಸಂದೇಶ ಕಳಿಸಬೇಡಿ. ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು, "ತಪ್ಪಾಯ್ತು ಕಣಣ್ಣಾ" ಅನ್ನಿ. ಅವನು ಫೋನು ತೆಗೆದು ಬರೆಯುತ್ತಾನೆ. "ಕೂತ್ಕೋ" ಎಂದು ಬರೆದರೆ ತಾವು ಬದುಕಿದಿರಿ, ಊಟ ಮಾಡಿಕೊಂಡೇ ಹೋಗಿ. "ಕುಳಿತುಕೊಳ್ಳಿ" ಎಂದು ಬರೆದರೆ ಮಾತ್ರ ಕೂರಬೇಡಿ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಿ, ಮತ್ತೆ ನಾಳೆ ಬನ್ನಿ. ಅವನಿಗೆ ಭಯ ಹೋಗುವವರೆಗೆ ಬರುತ್ತಲೇ ಇರಿ.

ಇಂತಿ,
ಮರ್ಯಾದೆ ಜಾಸ್ತಿಯಾಗಿ ಒಂಟಿಯಾದ
ಒಬ್ಬ ತಂಗಿ