ಇಲ್ಲದ ಕುರಿಗಳ ತೆರಿಗೆ

ಮಲ್ಲವ್ವತ್ತೆಗೆ,

ಬದುಕಿದ್ದಾಗ ಒಂದೂ ಕಾಗದ ಬರೆಯದ ಅಳಿಯ ಈಗ ಬರೆಯಲು ಕೂತಿದ್ದಾನೆ. ನೀನಿದ್ದಿದ್ದರೆ ಮೊದಲು ನಗುತ್ತಿದ್ದೆ. ಓದು ಬರದವಳಿಗೆ ಕಾಗದ, ಬೋಳು ತಲೆಗೆ ಬಾಚಣಿಗೆ ಅನ್ನುತ್ತಿದ್ದೆ. ಆದರೂ ಬರೆಯುತ್ತೇನೆ. ನೀನು ಹೋದ ಮೇಲೆ ನಡೆದದ್ದನ್ನು ನಿನಗೆ ಹೇಳಬೇಕಾದವನು ನಾನೇ. ಎದುರು ನಿಂತು ಹೇಳುವ ಮುಖ ನನಗಿರುತ್ತಿರಲಿಲ್ಲ. ಕಾಗದಕ್ಕೆ ಮುಖ ಬೇಕಿಲ್ಲವಲ್ಲ.

ಹೈದರಾಬಾದಿನ ಓದು ಮುಗಿಸಿ ಬಂದ ವರ್ಷ, ನಾರಾಯಣಪೇಟೆ ಮಗ್ಗುಲಿನ ನಮ್ಮ ಹಳ್ಳಿಯ ಅಂಗಳದಲ್ಲಿ ಉಣ್ಣೆ ನೂಲುತ್ತಾ ನೀನು ನನ್ನ ಕೆಲಸದ ವಿಚಾರ ತೆಗೆದದ್ದು ನೆನಪಿದೆಯಾ? ಸರಕಾರಿ ನೌಕರಿಯಾ ಎಂದು ನಿನ್ನ ಪ್ರಶ್ನೆ. ಅಲ್ಲ, ಸರಕಾರಕ್ಕೆ ಎಲ್ಲಿಂದ ದುಡ್ಡು ಬರುತ್ತದೆ, ಯಾರ ಮೇಲೆ ಹೊರೆ ಬೀಳುತ್ತದೆ, ಯಾತಕ್ಕೆ ಖರ್ಚಾಗುತ್ತದೆ ಎಂದು ಹುಡುಕಿ ಬರೆಯುವುದು ನನ್ನ ಕೆಲಸ, ಯಾರ ಸಂಬಳವೂ ಇಲ್ಲ, ಯಾರ ಮುಲಾಜೂ ಇಲ್ಲ, ನಾನು ಸ್ವತಂತ್ರ ಎಂದು ಎದೆಯುಬ್ಬಿಸಿ ಹೇಳಿದ್ದೆ. ನೀನು ಕದಿರು ನಿಲ್ಲಿಸಿ ನನ್ನನ್ನೇ ನೋಡಿದೆ. "ಮಂದಿ ಮನ್ಯಾಗ ಏನ್ ಅಡಿಗಿ ಅಂತ ಇಣಿಕಿ ನೋಡೋದ್ ಒಂದು ಕೆಲಸೇನೋ ಯಪ್ಪಾ?" ನಾನು ಅರ್ಥಶಾಸ್ತ್ರ ಎಂದರೇನು ಎಂದು ವಿವರಿಸಲು ಹೊರಟೆ, ನೀನು ಎದ್ದು ರೊಟ್ಟಿ ಬಡಿಯಲು ಹೋದೆ. ಆದರೆ ಆಮೇಲೆ ಊರಲ್ಲಿ ಯಾರೇ ಕೇಳಲಿ, ನಮ್ಮ ಹುಡುಗ ಸರಕಾರಕ್ಕೇ ಲೆಕ್ಕ ಕೇಳುವವನು ಎಂದು ಹೇಳುತ್ತಿದ್ದೆಯಂತೆ. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅಪ್ಪ ಅವ್ವ ಇಬ್ಬರೂ ಒಂದೇ ಬೇನೆಯಲ್ಲಿ ಹೋದಾಗ, ಅಪ್ಪನ ಅಕ್ಕನಾದ ನಿನ್ನ ಸೊಂಟ ಹತ್ತಿದವನು ನಾನು. ನಾರಾಯಣಪೇಟೆ ಸೀಮೆಯ ಮದ್ದೂರಿನ ಕಡೆಯಿಂದ ಮಕ್ತಲಕ್ಕೆ, ಕೃಷ್ಣೆ ಇಳಿದಾಗ ಹೊಳೆ ದಾಟಿ ಗದ್ವಾಲಕ್ಕೆ, ಅಲ್ಲಿಂದ ವಡ್ಡೆಪಲ್ಲಿಗೆ. ಬೇಸಗೆಯುದ್ದಕ್ಕೂ ನಮ್ಮ ಮಂದೆ ನಡೆಯುತ್ತಿತ್ತು. ಗೊಬ್ಬರಕ್ಕೆಂದು ರೈತರು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಜೋಳ ಅಳೆದು ಕೊಡುತ್ತಿದ್ದರು. ಒಂದು ಹೊಲ ಮುಗಿಯಿತೆಂದರೆ ಮುಂದಿನ ಹೊಲ, ಮುಂದಿನ ಊರು. ಸಂಜೆ ಕುರಿ ಬರುವಾಗ ನೀನು ತಡಿಕೆಯ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದೆ. ಎಣಿಸುತ್ತಿರಲಿಲ್ಲ. ನಾನೊಮ್ಮೆ ಬೆರಳು ಮಾಡಿ ಒಂದು, ಎರಡು ಎಂದಾಗ ಕೈಮೇಲೆ ಹೊಡೆದಿದ್ದೆ. ಎಣಿಸಿದ ಕುರಿ ಏಳಿಗೆಯಾಗುವುದಿಲ್ಲ, ಬೀರಪ್ಪ ಕೊಟ್ಟದ್ದಕ್ಕೆ ಲೆಕ್ಕ ಇಡಬಾರದು, ಇದು ನಮ್ಮವರೆಲ್ಲರ ನಂಬಿಕೆ. ಮೇವಿನ ತೆರಿಗೆಗೆ, ನಮ್ಮವರ ಬಾಯಲ್ಲಿ ಪುಲ್ಲರಿಗೆ, ಜನ ಬಂದಾಗಲೂ ಅಷ್ಟೇ. ಪಟವಾರಿ ಅಂದಾಜಿಗೆ ಒಂದು ಸಂಖ್ಯೆ ಬರೆಯುವುದು, ಹಿರಿಯರು ತಲೆಯಾಡಿಸುವುದು, ಹೀಗೇ ನಿಜಾಮರ ಕಾಲ ಕಳೆದಿತ್ತು.

ಪೊಲೀಸ್ ಆಕ್ಷನ್ನಿನ ದಿನಗಳಲ್ಲಿ ನಾನು ಹೆದರಿ ಊರು ಸೇರಿದಾಗ ನೀನು ಊರಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ಹೊಳೆಯ ಕೊರಕಲಿನಲ್ಲಿ ಕುರಿಗಳ ನಡುವೆ ಕೂತಿದ್ದೆ. ನಿನ್ನ ಪಕ್ಕದಲ್ಲಿ ಕಂಬಳಿ ಹೊದ್ದ ಮುದುಕರೊಬ್ಬರು. ಪುಲ್ಲರಿ ವಸೂಲಿಗೆ ಬರುತ್ತಿದ್ದ ಅದೇ ಸಾಹೇಬರು, ವರ್ಷ ವರ್ಷ ನಿನ್ನೊಡನೆ ಜಗಳವಾಡಿದವರು. ನಿಜಾಮರ ನೌಕರರೂ ಮುಸಲ್ಮಾನರೂ ಆದ ಅವರಿಗೆ ಆಗ ಊರಲ್ಲಿ ಉಳಿಗಾಲವಿರಲಿಲ್ಲ. ಯಾರು ಬಂದು ವಿಚಾರಿಸಿದರೂ ಇವರು ನಮ್ಮ ದೊಡ್ಡಪ್ಪ, ಮಾತು ಬಿದ್ದುಹೋಗಿದೆ ಎಂದು ಹೇಳಿ ಕಳಿಸುತ್ತಿದ್ದೆ. ಗಲಾಟೆ ತಣ್ಣಗಾದ ಮೇಲೆ ಅವರು ಮಗಳ ಊರಿಗೆ ಹೋದರು. ನೀನು ಆ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ಒಬ್ಬರನ್ನು ಮುಚ್ಚಿಟ್ಟು ಕಾಪಾಡುವುದು ನಿನಗೆ ಅಷ್ಟು ಸಹಜ ಎಂದು ನಾನು ಆಗಲೇ ತಿಳಿದಿರಬೇಕಿತ್ತು…

ಹೊಸ ಸರಕಾರ ಬಂದಾಗ ನನಗೆಷ್ಟು ಹುರುಪು! ನಿಜಾಮರ ಖಜಾನೆಯ ಬಾಗಿಲಿಗೆ ಕಿವಿಗೊಡಲೂ ಆಗದಿದ್ದ ನಾವು ಈಗ ಆಯವ್ಯಯ ಪತ್ರವನ್ನು ಓದಿ ಟೀಕೆ ಮಾಡಬಹುದಿತ್ತು. ಹೈದರಾಬಾದಿನಲ್ಲಿ ವಕೀಲರೊಬ್ಬರ ಮನೆಯ ಹಿಂಬದಿ ಕೋಣೆಯಲ್ಲಿ ಕೂತು ನಾನು ಬರೆಯತೊಡಗಿದೆ. ಸೇಂದಿ ಸಾರಾಯಿಯ ಆದಾಯ, ಗಡಿಯ ಸುಂಕ, ಭೂಕಂದಾಯ. ಹೀಗೆ ಬರೆಯುತ್ತಾ ಪುಲ್ಲರಿಗೆ ಬಂದೆ. ಸರಕಾರಕ್ಕೆ ಅದು ಚಿಲ್ಲರೆ, ಕುರುಬರಿಗೆ ಅದು ಚರ್ಮ ಸುಲಿಯುವ ತೆರಿಗೆ. ಅದನ್ನು ತೆಗೆದುಹಾಕಿ ಎಂದು ಹೇಳುವುದು ನನ್ನ ಆಸೆ. ನಿನಗಾಗಿಯೇ ಅತ್ತೆ, ನಂಬು. ಆದರೆ ಸುಮ್ಮನೆ ಹೇಳಿದರೆ ಯಾರು ಕೇಳುತ್ತಾರೆ? ಕುರಿ ಎಷ್ಟಿವೆ ಎಂಬ ಸರಿಯಾದ ಅಂಕಿ ಯಾರ ಬಳಿಯೂ ಇರಲಿಲ್ಲ. ನಾನೇ ಎಣಿಸಲು ಹೊರಟೆ.

ಮದ್ದೂರಿನ ಹೊಲವೊಂದರ ಬದುವಿನ ಮೇಲೆ ನಸುಕಿನಲ್ಲಿ ನಿಂತ ದಿನ ನನ್ನ ಕಣ್ಣಿಗೆ ಕಟ್ಟಿದಂತಿದೆ. ತಡಿಕೆ ತೆಗೆದಾಗ ಹೊರಬಿದ್ದ ಕುರಿಗಳನ್ನು ದೂರದಿಂದ ಎಣಿಸಿದೆ. ಹತ್ತಿರ ಹೋಗಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಕುರುಬರ ಹುಡುಗ ಕುರುಬರ ಪರ ಅಂಕಿ ತಿದ್ದಿದ ಎಂಬ ಮಾತು ಬರಬಾರದಲ್ಲ! ಅದಕ್ಕೇ ನೆಂಟರ ಹಟ್ಟಿಯ ಕಡೆ ಸುಳಿಯಬಾರದು, ನಿನ್ನನ್ನಂತೂ ಕೇಳಲೇಬಾರದು ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೆ. ಕೆಲವು ದಿನ ಬಿಟ್ಟು ಮಕ್ತಲದ ಹೊಲಗಳಲ್ಲಿ ಎಣಿಸಿದೆ. ಇನ್ನಷ್ಟು ದಿನ ಬಿಟ್ಟು ಹೊಳೆಯಾಚೆ ಗದ್ವಾಲದ ಸೀಮೆಯಲ್ಲಿ. ಮೂರನ್ನೂ ಕೂಡಿಸಿದೆ. ಬಂದ ಮೊತ್ತ ನೋಡಿ ನನಗೇ ಬೆರಗಾಯಿತು. ಇಷ್ಟು ದೊಡ್ಡ ಕಸುಬನ್ನು ಇಷ್ಟು ದಿನ ಯಾರೂ ಕಣ್ಣೆತ್ತಿ ನೋಡಿಲ್ಲವಲ್ಲ ಎಂದು ಪುಸ್ತಿಕೆಯಲ್ಲಿ ಹೆಮ್ಮೆಯಿಂದ ಬರೆದೆ.

ಪುಸ್ತಿಕೆ ಓದಿದ ಮೇಲಿನ ಕಚೇರಿಯವರು ಪುಲ್ಲರಿ ತೆಗೆಯಲಿಲ್ಲ. ಇಷ್ಟು ಕುರಿ ಇದ್ದೂ ಇಷ್ಟೇ ಪುಲ್ಲರಿ ಬರುತ್ತಿದೆ ಎಂದರೆ ಕುರುಬರು ಬಚ್ಚಿಡುತ್ತಿದ್ದಾರೆ ಎಂದು ಲೆಕ್ಕ ಹಾಕಿ, ಹೊಸ ಅಂಕಿಯ ಪ್ರಕಾರ ಪ್ರತಿ ಮಂದೆಯಿಂದ ವಸೂಲು ಮಾಡಿ ಎಂದು ಹುಕುಂ ಕಳಿಸಿದರು. ನನಗೆ ಕೆಂಡದಂಥ ಸಿಟ್ಟು ಬಂತು. ಸರಕಾರವನ್ನು ಬೈದು ಇನ್ನೊಂದು ಲೇಖನ ಬರೆದೆ. ತಪ್ಪು ಅವರದು, ಅಂಕಿ ಮಾತ್ರ ಸರಿಯಾದದ್ದು, ಹಾಗೆಂದೇ ನಾನು ತಿಳಿದಿದ್ದೆ.

ನಿನ್ನ ಮಣ್ಣಿಗೆ ನಾನು ವಡ್ಡೆಪಲ್ಲಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಜ್ವರ ಬಂದು ಹೊಲದಲ್ಲೇ ಮಲಗಿದವಳು ಅಲ್ಲೇ ತೀರಿಕೊಂಡೆ. ಹೊಲದ ರೈತ ಬದುವಿನ ಪಕ್ಕ ಜಾಗ ಬಿಟ್ಟುಕೊಟ್ಟಿದ್ದ. ಅವನು, ಅವನ ಮನೆಯವರು, ನಿನ್ನ ಮಂದೆಯ ಆಳು, ನಾನು, ಇಷ್ಟೇ ಜನ. ಆಚೆ ಹೊಲಗಳಲ್ಲೇ ನಮ್ಮವರ ಮಂದೆಗಳಿದ್ದವು, ಹೊಗೆ ಕಾಣುತ್ತಿತ್ತು. ನಿನ್ನ ಜೊತೆ ಬಾಲ್ಯದಿಂದ ಕುರಿ ಕಾಯ್ದ ಬೀರಣ್ಣ ಕೂಡ ಬರಲಿಲ್ಲ. ಯಾಕೆ ಎಂದು ಆಳನ್ನು ಕೇಳಿದಾಗ ಅವನು ನೆಲ ನೋಡುತ್ತಾ ಹೇಳಿದ. ಹೊಸ ಪುಲ್ಲರಿ ಸುಳ್ಳು ಲೆಕ್ಕದ್ದು ಎಂದು ಎಲ್ಲರೂ ಅರ್ಜಿ ಕೊಡಲು ಹೊರಟಾಗ ನೀನೊಬ್ಬಳು ಹೆಬ್ಬೆಟ್ಟು ಒತ್ತಲಿಲ್ಲವಂತೆ. ದೊಡ್ಡ ಮಂದೆಯವಳೇ ಒಪ್ಪಿ ಕಟ್ಟಿದ್ದಾಳೆ, ನಿಮ್ಮದೇನು ಎಂದು ಕಚೇರಿಯವರು ಅರ್ಜಿಯನ್ನು ಹಿಂದಕ್ಕೆ ಎಸೆದರಂತೆ. ಅಂದಿನಿಂದ ನಿನ್ನ ಮಂದೆಯ ಪಕ್ಕ ಯಾರೂ ಮಂದೆ ನಿಲ್ಲಿಸುತ್ತಿರಲಿಲ್ಲ, ನಿನ್ನ ಕೈಯ ನೀರು ಕುಡಿಯುತ್ತಿರಲಿಲ್ಲ. ನೀನು ಟಗರುಗಳನ್ನು ಒಂದೊಂದಾಗಿ ಮಾರಿ ಪುಲ್ಲರಿ ಕಟ್ಟಿದ್ದೆ.

ಮುಂದೆ ಮಂದೆ ಎಲ್ಲಿಗೆ ಹೋಗಬೇಕು ಎಂದು, ಏನಾದರೂ ಮಾತಾಡಬೇಕಲ್ಲ ಎಂದು, ಆ ಆಳನ್ನು ಕೇಳಿದೆ. ಮಳೆ ಬಿದ್ದರೆ ಗದ್ವಾಲದ ಮೇಲೆ ಮಕ್ತಲಕ್ಕೆ, ಅಲ್ಲಿಂದ ಮದ್ದೂರಿಗೆ, ಬಂದ ದಾರಿಯೇ ಅಲ್ಲವೇ ಎಂದ. ಬಂದ ದಾರಿ. ಆಗ ತಿಳಿಯಿತು ಅತ್ತೆ. ಮದ್ದೂರಿನಲ್ಲಿ ನಾನು ಎಣಿಸಿದ್ದು, ಮಕ್ತಲದಲ್ಲಿ ಎಣಿಸಿದ್ದು, ಗದ್ವಾಲದಲ್ಲಿ ಎಣಿಸಿದ್ದು ಎಲ್ಲವೂ ಅವೇ ಮಂದೆಗಳು. ನಾನು ಬಸ್ಸಿನಲ್ಲಿ ಹೋದೆ, ಅವು ನಡೆದು ಬಂದವು. ನಿನ್ನ ಸೊಂಟದ ಮೇಲೆ ಕೂತು ಆ ದಾರಿಯನ್ನು ವರ್ಷ ವರ್ಷ ಕಂಡವನಿಗೆ ಅದು ಹೊಳೆಯಲಿಲ್ಲ. ನಿನ್ನ ಕುರಿಗಳನ್ನೇ ಮೂರು ಕಡೆ ನೋಡಿ ಒಂದರ ಗುರುತೂ ಹತ್ತಲಿಲ್ಲ. ಬೇರೆ ಯಾವನೋ ಸಾಹೇಬ ಮಾಡಿದ್ದರೆ ಅರಿಯದೆ ಮಾಡಿದ ಅನ್ನಬಹುದಿತ್ತು. ನಾನು?

ಆದರೂ ನೀನು ಯಾಕೆ ಹೆಬ್ಬೆಟ್ಟು ಒತ್ತಲಿಲ್ಲ ಎಂಬುದು ತಿಳಿಯದೆ ನಮ್ಮೂರ ಪಟವಾರಿಯ ಬಳಿ ಹೋದೆ. ಅವರು ಮೊದಲು ಬಾಯಿ ಬಿಡಲಿಲ್ಲ. ಮೈಲಾರನ ಆಣೆ ಹಾಕಿಸಿಕೊಂಡಿದ್ದಾಳೆ ಎಂದರು. ಆಮೇಲೆ, ಆಣೆ ಹಾಕಿಸಿದವಳೇ ಇಲ್ಲವಲ್ಲ ಎಂದು ಹೇಳಿದರು. ಹುಕುಮಿನಲ್ಲಿ ನನ್ನ ಹೆಸರಿತ್ತು. ಅವರು ಅದನ್ನು ನಿನಗೊಬ್ಬಳಿಗೇ ಓದಿ ಹೇಳಿದ್ದರು. "ನಿಮ್ಮತ್ತಿ ಏನಂದ್ಲು ಗೊತ್ತೇನ್ರಿ? ನಮ್ಮ ಹುಡುಗ ಎಣಿಸ್ಯಾನಂದ್ರ ಖರೇನ ಇರತೈತಿ. ನನ್ನ ಕಣ್ಣೇ ಮಂಜಾಗ್ಯಾವ. ಕುರಿ ಎಲ್ಲ್ಯೋ ತಪ್ಪಿಸಿಕೊಂಡಾವ, ಹುಡುಕಬೇಕು ಅಂದ್ಲು." ಸುಳ್ಳು ಲೆಕ್ಕ ಎಂದು ಹೆಬ್ಬೆಟ್ಟು ಒತ್ತಿದರೆ ಕಚೇರಿಯಲ್ಲಿ ನನ್ನನ್ನು ಸುಳ್ಳುಗಾರ ಎಂದಂತಾಗುತ್ತದೆ, ಅದನ್ನು ಮಾಡಲಾರೆ ಎಂದೆಯಂತೆ. ನನ್ನ ಹೆಸರು ಊರಿನ ಕಿವಿಗೆ ಬೀಳಬಾರದೆಂದು ಆಣೆ ಹಾಕಿಸಿದೆಯಂತೆ.

ಸಂಜೆಗಳಲ್ಲಿ ನೀನು ಹಳ್ಳದ ದಂಡೆಗೆ ಹೋಗಿ ಕುರಿಗಳನ್ನು ಕರೆಯುತ್ತಿದ್ದೆ ಎಂದು ಆಳು ಹೇಳಿದ್ದ, ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ನನಗೀಗ ಗೊತ್ತು. ನನ್ನ ಪುಸ್ತಿಕೆಯಲ್ಲಿ ಮಾತ್ರ ಇದ್ದ ಕುರಿಗಳನ್ನು ನೀನು ಮುಳ್ಳುಕಂಟಿಯಲ್ಲಿ ಹುಡುಕುತ್ತಿದ್ದೆ. ನಾಚಿಕೆ ಎಂಬ ಮಾತು ಸಾಲದು ಅತ್ತೆ. ಬೈದಿದ್ದರೆ, ಹೈದರಾಬಾದಿಗೆ ಬಂದು ವಕೀಲರ ಮನೆ ಮುಂದೆ ನಿಂತು ನಾಲ್ಕು ಜನರೆದುರು ಉಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಂಬಿಬಿಟ್ಟೆಯಲ್ಲ!

ಮೇಲಿನ ಕಚೇರಿಯ ಸಾಹೇಬರು ಗದ್ವಾಲಕ್ಕೆ ಬಂದಾಗ, ಮತ್ತೆ ಅರ್ಜಿ ಹಿಡಿದು ಹೊರಟ ಬೀರಣ್ಣ ಮತ್ತು ಉಳಿದ ಹಿರಿಯರೊಡನೆ ನಾನೂ ಹೋದೆ. ಸಾಹೇಬರ ಮೇಜಿನ ಮುಂದೆ ನಿಂತು ಉರ್ದುವಿನಲ್ಲಿ ಹೇಳಿದೆ. ಅಂಕಿ ನನ್ನದು, ಅದು ತಪ್ಪು, ಒಂದೇ ಮಂದೆಯನ್ನು ಮೂರೂರಲ್ಲಿ ಎಣಿಸಿದ್ದೇನೆ.  ಹಾಗಾದರೆ ನೀವು ಬರೆದ ಉಳಿದದ್ದನ್ನು ನಾವು ಯಾಕೆ ನಂಬಬೇಕು ಎಂದು ಅವರು ಕೇಳಿದರು. ಆದರೂ ಹುಕುಂ ರದ್ದಾಯಿತು. ಕಟ್ಟಿದ್ದು ವಾಪಸು ಬರುವುದಿಲ್ಲ ಎಂದರು. ಹಿಂದೆ ನಿಂತಿದ್ದ ನಮ್ಮವರಿಗೆ ಅಷ್ಟು ಉರ್ದುವಿನಲ್ಲಿ ತಿಳಿದದ್ದು ರದ್ದು ಎಂಬ ಒಂದೇ ಮಾತು.

ಹೊರಗೆ ಬಂದದ್ದೇ ಬೀರಣ್ಣ ಸಂಚಿಯಿಂದ ಭಂಡಾರ ತೆಗೆದು ನನ್ನ ಹಣೆ ತುಂಬ ಬಳಿದ. ಓದಿದ ಹುಡುಗ ನಮ್ಮನ್ನು ಉಳಿಸಿದ ಎಂದು ಎಲ್ಲರೂ ಕಾಲಿಗೆ ಬೀಳಬಂದರು. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಹೊಳೆಯವರೆಗೂ ಅರಿಶಿನದ ಹಣೆ ಹೊತ್ತು ಅವರ ನಡುವೆ ನಡೆದೆ. ನಿನ್ನೆದುರು ಮುಚ್ಚಿಡುವುದೇನು, ಹಿತವಾಗಿಯೇ ಇತ್ತು. ಹೊಳೆ ದಾಟುವಾಗ ಬೀರಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮತ್ತಿ ಹಚ್ಚಿದ ಮಸಿ ನೀವು ತೊಳದ್ರಿ" ಎಂದ. ಆಗಲೂ ನಾನು ಸುಮ್ಮನಿದ್ದೆ. 

ನಿನ್ನೆ ಆದಿತ್ಯವಾರ, ಬೀರಪ್ಪನ ಗುಡಿಯ ಮುಂದೆ ಎಲ್ಲರೂ ಸೇರಿದ್ದರು. ಎದ್ದು ನಿಂತು ಕನ್ನಡದಲ್ಲಿ ಹೇಳಿದೆ. ಸುಳ್ಳು ಲೆಕ್ಕ ಬರೆದವನು ನಾನು. ಲೆಕ್ಕ ನನ್ನದೆಂದು ಅತ್ತೆಗೆ ಗೊತ್ತಿತ್ತು. ನನ್ನ ಮಾನ ಉಳಿಸಲು ನಿಮ್ಮ ಬೈಗುಳ ತಿಂದಳು, ಒಬ್ಬಳೇ ಸತ್ತಳು.  ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಬೀರಣ್ಣ ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡ. ಆಮೇಲೆ ಒಂದೇ ಮಾತು ಕೇಳಿದ.

"ಎಲ್ಲಿ ಮಣ್ಣು ಮಾಡೀರಿ ಆಕೀನ್ನ?"

ಹೇಳಿದೆ. ಈ ದಿನ ನಸುಕಿನಲ್ಲಿ ಅವರೆಲ್ಲ ಕಂಬಳಿ ಹೆಗಲಿಗೇರಿಸಿ, ಬುತ್ತಿ ಕಟ್ಟಿಕೊಂಡು ವಡ್ಡೆಪಲ್ಲಿಯ ದಾರಿ ಹಿಡಿದರು. ಹೆಂಗಸರೂ ಹೋದರು. ನಮ್ಮ ಮನೆಯ ಮುಂದೆಯೇ ಹಾದುಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ, ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದೆ. ಯಾರೂ ಬಾ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ನಾಳಿದ್ದು ಹೊತ್ತೇರುವಷ್ಟರಲ್ಲಿ ಅವರು ನಿನ್ನ ಬಳಿ ಇರುತ್ತಾರೆ. ಅಳುತ್ತಾರೆ, ಕೇಳಿಸಿಕೋ, ಮೊದಲು ಅವರ ಮಾತು. ಅವರೆಲ್ಲ ತಿರುಗಿ ಬಂದ ಮೇಲೆ ನಾನೊಬ್ಬನೇ ಬರುತ್ತೇನೆ ಅತ್ತೆ, ನಡೆದೇ ಬರುತ್ತೇನೆ.

ನಿನ್ನ ಅಳಿಯ