ಅಂಚು ಮುಚ್ಚದ ಕೌದಿಗಳು

ಫೆಬ್ರವರಿ 3, ಸೋಮವಾರ

ದೊಡ್ಡ ಕೌದಿಗಳನ್ನು ಬಿಸಿಲಿಗೆ ಹಾಕಿದೆ. ಸಣ್ಣವನ್ನು ಹಾಕಲಿಲ್ಲ. ಓಣಿಯವರು ನೋಡಿದರೆ... ಬಸುರಿ ಮಗಳನ್ನು ಮನೆಯಲ್ಲಿಟ್ಟುಕೊಂಡು ತಾಯಿ ಕೂಸಿನ ಕೌದಿ ಹೊಲಿಯುತ್ತಿದ್ದಾಳೆ ಅಂತಾರೆ. ಹುಟ್ಟುವ ಮುಂಚೆ ಕೂಸಿಗೆ ಒಂದು ಕುಲಾವಿಯನ್ನೂ ಹೊಲಿಯಬಾರದು. ಗೊತ್ತಿದ್ದೂ ಹೊಲಿದೆ. ಮೇಳದಲ್ಲಿ ಮಾರಲಿಕ್ಕೆ. ನಮ್ಮ ಕೂಸಿಗಲ್ಲ. ದೇವರಿಗೆ ಇದು ಗೊತ್ತಾಗುತ್ತದೆ ಅಲ್ಲವಾ?

ನಮ್ಮ ಮಹಿಳಾ ಸಂಘದ ಹೇಮಾವತಿ ಹೇಳಿದ್ದೇ ಹಾಗೆ — "ದೊಡ್ಡ ಕೌದಿ ಯಾರು ಹೊತ್ಕೊಂಡು ಹೋಗ್ತಾರೆ ಕಣಕ್ಕ? ತೊಟ್ಟಿಲಿಗೆ ಹಾಸೋವು ಮಾಡು. ಕೈಹೊಲಿಗೆ ಅಂದ್ರೆ ಈಗಿನೋರು ಫೋಟೋ ಹೊಡ್ಕಂಡು ತಗಂತಾರೆ."

ಒಂದು ಉಪಾಯ ಮಾಡಿದ್ದೇನೆ. ಸಣ್ಣವುಗಳ ಅಂಚನ್ನು ಪೂರ್ತಿ ಮುಚ್ಚಿಲ್ಲ. ಗೇಣುದ್ದ ಬಿಟ್ಟಿದ್ದೇನೆ. ಅಂಚು ಮುಚ್ಚುವ ತನಕ ಅದು ಕೌದಿಯಲ್ಲ, ಬರೀ ಬಟ್ಟೆ. ಕೊಂಡವರ ಎದುರಿಗೇ ಮುಚ್ಚಿ ಕೊಡುವುದು. ಆಗ ಅದು ಅವರ ಮನೆಯ ಕೂಸಿನದು.

ರಮ್ಯಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವ್ವಾ, ದೇವ್ರಿಗೇ ಟೋಪಿ ಹಾಕ್ತೀಯಲ್ಲೇ!"

ಹಾಗೆ ನಗಬೇಡ ಎಂದು ಬೈದೆ. ಒಂಬತ್ತು ತುಂಬುತ್ತಿದೆ.

ಫೆಬ್ರವರಿ 6

ಮೇಳ ಜಗಳೂರಿನಲ್ಲಂತೆ! ಹೊನ್ನಾಳಿ ಎಂದಿದ್ದರು. ಈಗ ಬದಲಾಗಿದೆ. ಜಗಳೂರು ಅಂದರೆ ರಮ್ಯಾಳ ಗಂಡನ ಮನೆ. ಬೀಗಿತಿ ದ್ಯಾಮಮ್ಮ ಸೀಮಂತದ ದಿನವೇ ಹೇಳಿದ್ದರು — "ಮುಂಚೆ ಏನೂ ತರಾಕೆ ಹೋಗ್ಬ್ಯಾಡ್ರಿ. ನನ್ನ ಮೊಮ್ಮಗು ನಿಮ್ಮ ಕೈಯಾಗೆ ಐತೆ." ಆ ಮಾತು ಕಿವಿಯಲ್ಲೇ ಕೂತಿದೆ. ಚೊಚ್ಚಲು ಬೇರೆ. ಏನಾದರೂ ಆದರೆ ತವರಿನವರ ತಲೆಗೇ ಬರುತ್ತದೆ.

ನಾನು ಹೋಗಲ್ಲ ಎಂದೆ.

"ಎರಡು ವರ್ಷ ಕಾದೀಯ ಸ್ಟಾಲ್ ಸಿಗಾಕೆ. ಜಗಳೂರೇನು ನಿನ್ನ ಬೀಗಿತಿ ಹಿತ್ತಿಲಾ?" ಎಂದರು ಇವರು.

ಇವರಿಗೇನು. ಮಾತು ಕೇಳಬೇಕಾದವಳು ನಾನು.

ಫೆಬ್ರವರಿ 8, ಶನಿವಾರ. ಮಧ್ಯಾಹ್ನ, ಸ್ಟಾಲಿನಲ್ಲಿ

ಜಗಳೂರಿನ ಬಯಲು. ಸ್ಟಾಲ್ ಬಿಡಲು ಮನಸ್ಸಾಗಲಿಲ್ಲ, ಬಂದೆ. ಗಾಳಿಗೆ ಶಾಮಿಯಾನ ಪಟಪಟ. ಧೂಳು ಹತ್ತುತ್ತದೆ ಎಂದು ಕೊಡವಿ ಕೊಡವಿ ತೋಳು ನೋವು. ಬೆಳಿಗ್ಗೆಯಿಂದ ಬರೀ ಮುಟ್ಟಿ ಹೋಗುವವರೇ. ಆಮೇಲೆ ಒಬ್ಬ ಹೆಂಗಸು —

"ಇದೇನಮ್ಮ, ಇಲ್ಲಿ ಬಿಚ್ಚೋಗೈತೆ?"

"ಬಿಚ್ಚಿಲ್ಲ ರೀ. ನಿಮ್ಮ ಮುಂದೇನೇ ಮುಚ್ಚಿ ಕೊಡ್ತೀನಿ. ಕೂಸಿನ ಹೆಸರೇನು?"

ಸೂಜಿ ಹಿಡಿದು ಕೂತೆ. ಸುತ್ತ ಜನ ನಿಂತರು, ಮೊಬೈಲ್ ಹಿಡಿದರು. ನಮಗೂ ಒಂದು, ನಮಗೂ ಒಂದು... ಹೇಮಾವತಿ ದೂರದಿಂದಲೇ ಕಣ್ಣು ಹೊಡೆದಳು. ಖುಷಿಪಡಲಿಕ್ಕೂ ಭಯ.

ಸಂಜೆ

ಬಂದೇಬಿಟ್ಟರು ದ್ಯಾಮಮ್ಮ. ಸೂಜಿ ಬೆರಳಿಗೆ ಚುಚ್ಚಿಕೊಂಡೆ.

"ಏನ್ರೀ ಬೀಗರೇ, ನಮ್ಮೂರಿಗೆ ಬಂದು ನಮಗೇ ಸುದ್ದಿ ಇಲ್ಲ!"

ನಗುತ್ತಲೇ ಬಂದರು. ಕೈ ಸೀದಾ ಸಣ್ಣ ಕೌದಿಗೇ ಹೋಯಿತು. ಬಿಟ್ಟ ಅಂಚಿನೊಳಗೆ ಬೆರಳು ಹಾಕಿ, "ಇದ್ಯಾಕೆ ಹಿಂಗೆ?" ಎಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದು ಇದ್ದಂಗೆ ಹೇಳಿದೆ. ಅವರ ಮುಖ ಬಿಳಿಚಿತು. ಟೀ ತರಿಸ್ತೀನಿ ಎಂದೆ. ಬೇಡ ಎಂದು ಹೊರಟೇ ಹೋದರು. ತಿರುಗಿಯೂ ನೋಡಲಿಲ್ಲ.

ಮುಗೀತು.

ಫೆಬ್ರವರಿ 13

ದ್ಯಾಮಮ್ಮನ ಫೋನಿಲ್ಲ. ದಿನಾ ಸೊಸೆಯ ಜೊತೆ ಮಾತಾಡುತ್ತಿದ್ದವರು. ರಮ್ಯಾ ಮಾಡಿದರೆ "ಕೆಲ್ಸ ಐತೆ" ಎಂದು ಇಟ್ಟುಬಿಡುತ್ತಾರಂತೆ.

ಉಳಿದ ಸಣ್ಣ ಕೌದಿಗಳನ್ನು ಹೇಮಾವತಿ ಮನೆಗೆ ಸಾಗಿಸಿದೆ. ನಮ್ಮ ಮನೆಯಲ್ಲಿ ಬೇಡ. ರಮ್ಯಾಳ ಕಾಲು ಬಾತಿದೆ. ಡಾಕ್ಟರು ಮಾಮೂಲಿ ಎಂದರು. ಮಾಮೂಲಿ ಅಂದರೆ? ಬಿಡಿಸಿ ಕೇಳಬೇಕಿತ್ತು. ಕೇಳಲಿಲ್ಲ.

ಫೆಬ್ರವರಿ 21, ಶುಕ್ರವಾರ. ಹೊನ್ನಾಳಿ, ಆಸ್ಪತ್ರೆ

ಬೆಳಗಿನ ಜಾವ ನೋವು ಬಂತು. ಒಳಗೆ ಕರೆದುಕೊಂಡಿದ್ದಾರೆ. ದ್ಯಾಮಮ್ಮನಿಗೆ ಇವರೇ ಫೋನ್ ಮಾಡಿದರು. ಬಸ್ಸಿಳಿದು ಓಡುತ್ತಲೇ ಬಂದರು. ಬೈಗುಳಕ್ಕೆ ತಯಾರಾಗಿ ಎದ್ದು ನಿಂತೆ. ಅವರು ಬೆಂಚಿನ ಮೇಲೆ ಕುಸಿದು, ಚೀಲದಿಂದ ಏನೋ ತೆಗೆದರು. ಸಣ್ಣ ಕೌದಿ. ಅವರದೇ ಹಳೇ ಸೀರೆಯದು.

"ಸೀಮಂತ ಆದ ವಾರಕ್ಕೇ ಹೊಲ್ದು ಮುಚ್ಚಿಬಿಟ್ಟಿದ್ದೆ ಕಣ್ರೀ. ಆಸೆ ತಡೀಲಿಲ್ಲ. ನಿಮಗೆ ಬುದ್ಧಿ ಹೇಳಿದವಳು ನಾನೇ! ಆವತ್ತು ನಿಮ್ಮ ಮಾತು ಕೇಳಿ ಎದೆ ಧಸಕ್ ಅಂತು. ಮನೀಗೆ ಹೋಗಿ ಸುತ್ತಾ ಬಿಚ್ಚಿದೆ. ಆ ಹುಡುಗಿ ಜೊತೆ ಮಾತಾಡಾಕೆ ಮುಖ ಇರ್ಲಿಲ್ಲ."

ನೋಡಿದೆ. ನಾಲ್ಕೂ ಅಂಚು ಬಾಯಿ ಬಿಟ್ಟಿವೆ.

"ಗೇಣುದ್ದ ಸಾಕಿತ್ತಲ್ರೀ..."

"ಎಷ್ಟು ಸಾಕು ಅಂತ ನಂಗೇನ್ ಗೊತ್ತು!"

ಇಬ್ಬರಿಗೂ ನಗು ಬಂತು. ಒಳಗಿಂದ ರಮ್ಯಾ ಕೂಗಿದ್ದು ಕೇಳಿ ನಿಂತಿತು. ನನ್ನ ಕೈ ಅವರು ಹಿಡಿದರೋ, ಅವರದು ನಾನೋ.

ಸಂಜೆ

ಹೆಣ್ಣು ಕೂಸು. ಗಟ್ಟಿಯಾಗಿ ಅತ್ತಿತು. ರಮ್ಯಾ ಚೆನ್ನಾಗಿದ್ದಾಳೆ. ಮತ್ತೆ ಮತ್ತೆ ಕೇಳಿ ನರ್ಸಮ್ಮನ ಹತ್ತಿರ ಬೈಸಿಕೊಂಡೆ.

ಕೌದಿಯನ್ನು ಬೆಂಚಿನ ಮೇಲೆ ಹಾಸಿ ಹೊಲಿಯುತ್ತಿದ್ದೇವೆ. ಆ ಕಡೆಯಿಂದ ದ್ಯಾಮಮ್ಮ, ಈ ಕಡೆಯಿಂದ ನಾನು. ಅವರ ಹೊಲಿಗೆ ಉದ್ದುದ್ದ, ಸೊಟ್ಟ. ಅದು ಇರಲಿ. ಆದರೆ ಗಂಟುಗಳು ಕಡಲೆಕಾಳಿನಷ್ಟು. ಕೂಸಿನ ಕೆನ್ನೆಗೆ ಒತ್ತಿದರೆ...

ಈಗ ಟೀಗೆ ಹೋಗಿದ್ದಾರೆ. ಒಂದು ಗಂಟು ಕತ್ತರಿಸಿ ಸಣ್ಣದು ಹಾಕಿದೆ. ಇನ್ನೊಂದೂ ಕತ್ತರಿಸಿದೆ, ಇನ್ನೂ ಹಾಕಿಲ್ಲ — ಬಂದರು, ಕೈಯಲ್ಲಿ ಎರಡು ಲೋಟ, ನೇರ ಈ ಕೌದಿಯನ್ನೇ ನೋಡುತ್ತಾ. ಉಳಿದದ್ದು ಆಮೇಲೆ ಬರೆಯುತ್ತೇನೆ.