ನಮ್ಮ ಟಿಕೆಟ್ ಎತ್ತಿದವರು ಯಾರು?

ಹೊಸಪೇಟೆಯ ನಮ್ಮ ಇಂಟರ್‌ನೆಟ್ ಸಂಸ್ಥೆಯ ಸೇವಾ ಮುಖ್ಯಸ್ಥರೇ,

ಎಮ್ಮಿಗನೂರಿನಲ್ಲಿ ನನ್ನ ಪಕ್ಕದ ಮನೆಯ ಭರಮಮ್ಮನವರ ಇಂಟರ್‌ನೆಟ್ ಸಂಪರ್ಕ ಕಳೆದ ತಿಂಗಳಿಂದ ಸತ್ತಿದೆ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಿಮ್ಮ ತಂತಿಯನ್ನೂ ಎಳೆದುಕೊಂಡು ಹೋಯಿತು. ದೂರು ಕೊಟ್ಟೆವು. ದುರಸ್ತಿಯವರು ಬರಲಿಲ್ಲ, ಮೊಬೈಲಿಗೆ ಒಂದು ವಾಕ್ಯ ಬಂತು: ‘ಆತ್ಮೀಯ ಗ್ರಾಹಕರೇ, ನಿಮ್ಮ ಟಿಕೆಟ್ ಅನ್ನು ಯಶಸ್ವಿಯಾಗಿ ಎತ್ತಲಾಗಿದೆ.’

ನಾನು ಓದಿ ಹೇಳಿದೊಡನೆ ಭರಮಮ್ಮ ಗಾಬರಿಯಾದರು. “ಯಾರ್ ಎತ್ತಿದ್ರು? ನಾನು ಟಿಕೆಟ್ಟೇ ತಗಂಡಿಲ್ಲಲ್ಲವ್ವಾ!” ಅವರ ತಪ್ಪೇನು? ನಮ್ಮ ಕಡೆ ಎತ್ತುವುದೆಂದರೆ ಕದಿಯುವುದೂ ಹೌದು. ಯಶಸ್ವಿಯಾಗಿ ಎತ್ತುವುದೆಂದರೆ ಸಿಕ್ಕಿಬೀಳದೆ ಕದಿಯುವುದು. ಇಂಗ್ಲಿಷಿನವರು ದೂರಿಗೆ ಟಿಕೆಟ್ ಅನ್ನುತ್ತಾರೆ, ದಾಖಲಿಸುವುದಕ್ಕೆ ಎತ್ತುವುದು ಅನ್ನುತ್ತಾರೆ ಎಂದು ವಿವರಿಸಿದೆ. “ದೂರು ಅಂತ ಬರದ್ರೆ ಏನ್ ರೋಗ ಬರ್ತಿತ್ತು ಅವ್ರಿಗೆ?” ಎಂದರು. ಉತ್ತರ ನಿಮಗೆ ಗೊತ್ತಿರಬಹುದು. ನಾನು ಅನುವಾದಿತ ಕಾದಂಬರಿಗಳನ್ನು ಓದುವವಳು. ಹಿಮದ ನಾಡುಗಳ ಮುದುಕಿಯರ ಗೊಣಗಾಟವೂ ನನಗೆ ಕನ್ನಡದಲ್ಲಿ ಸಲೀಸಾಗಿ ಅರ್ಥವಾಗಿದೆ. ಹೊಸಪೇಟೆಯಿಂದ ಹೊರಟ ನಿಮ್ಮ ವಾಕ್ಯ ಮಾತ್ರ ಯಾವ ದೇಶದ್ದೆಂದು ತಿಳಿಯಲಿಲ್ಲ.

ನಿಮ್ಮ ಸಂಸ್ಥೆ ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದ ಕಾಲ ನೆನಪಿದೆಯೇ? ಆಗ ಏಣಿ ಹೊತ್ತು ಬರುತ್ತಿದ್ದವರೂ ನೀವೇ, ಫೋನ್ ಎತ್ತುತ್ತಿದ್ದವರೂ ನೀವೇ. “ಬಂದೇ ಬಿಟ್ಟೆ ಯಕ್ಕಾ, ಕಂಪ್ಲಿ ದಾಟೀನಿ” ಅನ್ನುತ್ತಿದ್ದಿರಿ. ಇನ್ನೂ ಹೊಸಪೇಟೆಯಲ್ಲೇ ಚಹಾ ಕುಡಿಯುತ್ತಿದ್ದೀರೆಂದು ಹಿನ್ನೆಲೆಯ ಲೋಟಗಳ ಸದ್ದು ಹೇಳಿಬಿಡುತ್ತಿತ್ತು. ಸುಳ್ಳಾದರೂ ಅದು ಕನ್ನಡದ ಸುಳ್ಳು. ಸಂಜೆಯೊಳಗೆ ನಿಜವೂ ಆಗುತ್ತಿತ್ತು. ಈಗ ನಿಮ್ಮ ತಂತಿ ಸಂಡೂರು ದಾಟಿ ಚೋರನೂರು ಮುಟ್ಟಿದೆ. ಕಚೇರಿಗೆ ಗಾಜಿನ ಬಾಗಿಲು ಬಂದಿದೆ. ಬೆಳವಣಿಗೆಯೆಂದರೆ ಇದೇ ಇರಬೇಕು: ಅಂದು ಫೋನ್ ಎತ್ತುತ್ತಿದ್ದವರು ಇಂದು ಟಿಕೆಟ್ ಎತ್ತುತ್ತಾರೆ.

ಒಂದು ತಿಂಗಳು ನೆಟ್ ಇಲ್ಲದಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ನೀವು ಕೇಳಬಹುದು. ಭರಮಮ್ಮನ ಮಗಳು ಗಂಗೋತ್ರಿ ಸಂಡೂರಿನಲ್ಲಿ ಹೊಲಿಗೆ ಕೆಲಸದಲ್ಲಿದ್ದಾಳೆ. ಹುಟ್ಟಿನಿಂದ ಅವಳಿಗೆ ಕಿವಿ ಕೇಳದು. ತಾಯಿ ಮಗಳ ಮಾತೆಲ್ಲ ಕೈಸನ್ನೆಯಲ್ಲಿ, ವಿಡಿಯೋ ಕರೆಯಲ್ಲಿ. ನಮ್ಮ ಓಣಿಯ ಮೊಬೈಲ್ ಸಿಗ್ನಲ್ ದನಿಗೆ ಸಾಲುತ್ತದೆ, ಮುಖಕ್ಕೆ ಸಾಲದು. ಆ ಮನೆಯಲ್ಲಿ ನಿಮ್ಮ ತಂತಿ ಕಡಿದರೆ ಮಾತೇ ಕಡಿದಂತೆ.

ಮೊನ್ನೆ ಎರಡನೆಯ ವಾಕ್ಯ ಬಂತು: ‘ನಿಮ್ಮ ಟಿಕೆಟ್ ಅನ್ನು ಸಂತೋಷದಿಂದ ಮುಚ್ಚಲಾಗಿದೆ.’ ಯಾರ ಸಂತೋಷ? ಇಬ್ಬರೂ ಹೊಸಪೇಟೆಯ ಬಸ್ ಹತ್ತಿದೆವು. ಭರಮಮ್ಮ ಮೊಬೈಲನ್ನು ಕಂಡಕ್ಟರಿಗೇ ಹಿಡಿದರು. “ನನ್ ಟಿಕೆಟ್ ಮುಚ್ಯಾರಂತೆ, ನೋಡಪ್ಪಾ.” ಆತ ನೋಡಿ ನಕ್ಕ. “ಯಮ್ಮಾ, ಅದ್ಯಾವ ಬಸ್ಸಿಂದೋ ಗೊತ್ತಿಲ್ಲ. ನನ್ನ ಟಿಕೆಟ್ ಹಿಡ್ಕ. ಹೆಣ್ಮಕ್ಕಳಿಗೆ ಪುಕ್ಕಟೆ, ಊರೂ ಮುಟ್ಟಸ್ತೈತಿ.”

ನಿಮ್ಮ ಕಚೇರಿಯಲ್ಲಿ ಕುಳಿತಿದ್ದ ಹುಡುಗಿ ಪರದೆ ನೋಡಿ, “ನಿಮ್ ನೆಟ್ ಬಂದೈತಲ್ರಿ ಅಮ್ಮಾ” ಎಂದಳು.

“ಎಲ್ಲಿ ಬಂದೈತಿ?”

“ಸಿಸ್ಟಮ್‌ನಾಗ ಬಂದೈತ್ರಿ.”

“ಹಂಗಾರೆ ಆ ಸಿಸ್ಟಮ್‌ನಾಗ ನನ್ ಮಗಳನ್ನ ತೋರ್ಸು ನೋಡಾನ.”

ಹುಡುಗಿ ಮತ್ತೆ ಪರದೆಯನ್ನೇ ನೋಡಿದಳು. ಅವಳನ್ನು ದೂರುವುದಿಲ್ಲ, ಪರದೆಯ ಮೇಲಿದ್ದದ್ದನ್ನು ಓದಿದಳು. ನೀವಿದ್ದೀರಾ ಎಂದು ಕೇಳಿದ್ದಕ್ಕೆ ಒಂದು ಟೋಲ್‌ಫ್ರೀ ಸಂಖ್ಯೆ ಕೊಟ್ಟಳು.

ಅಲ್ಲಿಂದಲೇ ಸಂಡೂರಿನ ಬಸ್ ಹತ್ತಿದೆವು. ತಾಯಿ ಮಗಳು ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತು ತಿಂಗಳ ಮಾತನ್ನೆಲ್ಲ ಕೈಯಲ್ಲಿ ಆಡಿದರು. ಗಂಗೋತ್ರಿ ನಿಮ್ಮ ಸಂಸ್ಥೆಗೂ ಒಂದು ಸನ್ನೆ ಇಟ್ಟಿದ್ದಾಳೆ. ಮೊದಲೆಲ್ಲ ಅದು ಎರಡು ಕೈಗಳಿಂದ ಏಣಿ ಹತ್ತುವ ಸನ್ನೆಯಾಗಿತ್ತು, ಅಂದರೆ ನೀವು. ಮೊನ್ನೆ ಅವಳು ಅಂಗೈಯಿಂದ ಎರಡೂ ಕಣ್ಣು ಮುಚ್ಚಿಕೊಂಡಳು. ಕೇಳಲೊಲ್ಲದ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಅವರ ಭಾಷೆಯಲ್ಲಿ ಕೇಳಲೊಲ್ಲದವರು ಮುಚ್ಚಿಕೊಳ್ಳುವುದು ಕಣ್ಣನ್ನು. ಇದಕ್ಕಿಂತ ಖಚಿತವಾದ ಅನುವಾದವನ್ನು ನಾನು ಇತ್ತೀಚೆಗೆ ಕಂಡಿಲ್ಲ.

ನಮಗೆ ಪರಿಹಾರ ಬೇಡ, ವಿಷಾದದ ಸಂದೇಶವಂತೂ ಬೇಡವೇ ಬೇಡ. ಏಣಿ ಹಿಡಿದ ಒಬ್ಬ ಮನುಷ್ಯನನ್ನು ಕಳುಹಿಸಿ, ತಂತಿ ಎಳೆಸಿ. ಹಳೆಯ ಫೋನ್ ನಂಬರಿಗೆ ಮತ್ತೆ ಜೀವ ಕೊಟ್ಟು ನೀವೇ ಎತ್ತಿ. “ಕಂಪ್ಲಿ ದಾಟೀನಿ” ಎಂದು ಬೇಕಾದರೆ ಸುಳ್ಳೇ ಹೇಳಿ, ಪರವಾಗಿಲ್ಲ. ಸಂಜೆಯೊಳಗೆ ಅದು ನಿಜವಾದರೆ ಗಂಗೋತ್ರಿ ತನ್ನ ಸನ್ನೆ ಬದಲಿಸಿಕೊಳ್ಳುತ್ತಾಳೆ.

ಇಂತಿ,
ಸಂತೋಷದಿಂದ ಮುಚ್ಚಲಾದ ಟಿಕೆಟ್ಟಿನ ಪಕ್ಕದ ಮನೆಯವಳು,
ಲಲಿತಾ, ಎಮ್ಮಿಗನೂರು